ಹೊಸ ಹುಡುಗನ ಲಾಗಿನ್‌ಗೆ ಹತ್ತು ನಿಮಿಷ ಯಾಕೆ?

ಕಲಬುರಗಿಯಲ್ಲಿ ಪ್ರೌಢಶಾಲೆಗಳ ಕಂಪ್ಯೂಟರ್ ಶಿಕ್ಷಕರು ಮತ್ತು ಲ್ಯಾಬ್ ನೋಡಿಕೊಳ್ಳುವವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಊಟ ಆಗಿದೆ, ಹೊರಗೆ ಬಿಸಿಲು ಜೋರಿದೆ, ಫ್ಯಾನಿನ ಕೆಳಗೆ ಕೂತವರಿಗೆ ಕಣ್ಣು ಎಳೆಯುವ ಹೊತ್ತು. ಹಾಗಾಗಿ ಪೀಠಿಕೆ ಬಿಟ್ಟು ವಿಷಯಕ್ಕೆ ಬರುತ್ತೇನೆ.

ಆಳಂದದವರಿರಲಿ, ಸೇಡಂ, ಚಿತ್ತಾಪುರದವರಿರಲಿ, ಬೆಳಗ್ಗೆಯಿಂದ ನೀವು ಹೇಳುತ್ತಿರುವ ದೂರು ಒಂದೇ. "ನಾ ಲಾಗಿನ್ ಆದ್ರ ಅರ್ಧ ನಿಮಿಷದಾಗ ಡೆಸ್ಕ್‌ಟಾಪ್ ಬರ್ತದ್ರಿ ಸರ್. ಎಂಟನೇ ಕ್ಲಾಸಿನ ಹೊಸ ಹುಡುಗ ಕುಂತ್ರ ಮಾತ್ರ ವೆಲ್‌ಕಮ್ ಅಂತ ಚಕ್ರ ತಿರಗ್ತಾನೇ ಇರ್ತದ." ಪಿರಿಯಡ್ ಇರುವುದೇ 40 ನಿಮಿಷ. ಅದರಲ್ಲಿ ಹತ್ತು ನಿಮಿಷ ಚಕ್ರ ನೋಡುವುದರಲ್ಲೇ ಹೋದರೆ, ಹಿಂದಿನ ಸಾಲಿನ ಹುಡುಗರು ಮೌಸಿನ ವೈರ್ ಎಳೆದಾಡಿ ಜಗಳ ಶುರು ಮಾಡಿರುತ್ತಾರೆ.

ಈ ದೂರಿನಲ್ಲೇ ಅರ್ಧ ಉತ್ತರ ಇದೆ. ನಿಮಗೆ ಬೇಗ, ಅವನಿಗೆ ನಿಧಾನ.

ಒಂದು ಸಲ ಲಾಗಿನ್ ಆದವರ ಗುರುತನ್ನು ವಿಂಡೋಸ್ ಆ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತದೆ. ನಾವು ಏನೂ ಬದಲಿಸದಿದ್ದರೆ ಕೊನೆಯ 10 ಜನರ ಗುರುತು ಇರುತ್ತದೆ. ನೀವು ಮತ್ತೆ ಬಂದಾಗ, ಎಲ್ಲರ ಖಾತೆ, ಪಾಸ್‌ವರ್ಡ್ ಇಟ್ಟಿರುವ ಶಾಲೆಯ ಸರ್ವರ್ ಸಿಗದಿದ್ದರೂ, ನೆಟ್‌ವರ್ಕ್ ಇನ್ನೂ ಎದ್ದಿರದಿದ್ದರೂ, ಆ ಗುರುತು ನೋಡಿ ಒಳಗೆ ಬಿಡುತ್ತದೆ. ಪಾಲಿಸಿಗಳನ್ನು, ಅಂದರೆ ಸರ್ವರ್‌ನಿಂದ ಎಲ್ಲಾ ಮಷಿನ್‌ಗೂ ಬರುವ ನಿಯಮಗಳನ್ನು, ಆಮೇಲೆ ನಿಮಗೆ ಗೊತ್ತಾಗದ ಹಾಗೆ ಹಾಕಿಕೊಳ್ಳುತ್ತದೆ. ಹೊಸ ಹುಡುಗನಿಗೆ ಈ ಸವಲತ್ತು ಇಲ್ಲ. ಅವನಿಗೆ ಸರ್ವರ್ ಸಿಗಲೇಬೇಕು. ಪಾಸ್‌ವರ್ಡ್ ಅಲ್ಲೇ ತಾಳೆ ಆಗಬೇಕು. ಪ್ರೊಫೈಲ್, ಅಂದರೆ ಅವನ ಫೈಲು, ಸೆಟ್ಟಿಂಗುಗಳು ಇರುವ ಫೋಲ್ಡರ್, ಹೊಸದಾಗಿ ತಯಾರಾಗಬೇಕು. ಪಾಲಿಸಿ ಎಲ್ಲಾ ಮುಗಿದ ಮೇಲೆಯೇ ಡೆಸ್ಕ್‌ಟಾಪ್.

ಅಂದರೆ ನೆಟ್‌ವರ್ಕಿನಲ್ಲಿ ತಿಂಗಳುಗಟ್ಟಲೆ ಇರುವ ರೋಗ ನಿಮ್ಮ ಲಾಗಿನ್‌ನಲ್ಲಿ ಕಾಣುವುದೇ ಇಲ್ಲ. "ನನಗೆ ಸರಿ ಇದೆಯಲ್ಲ" ಅನ್ನುವುದು ಇಲ್ಲಿ ಪುರಾವೆ ಅಲ್ಲ. ಪರೀಕ್ಷೆಗೆ ಅಂತಲೇ ಸರ್ವರ್‌ನಲ್ಲಿ ಒಂದು ಸುಳ್ಳು ವಿದ್ಯಾರ್ಥಿ ಖಾತೆ ಮಾಡಿಟ್ಟುಕೊಳ್ಳಿ. ಪ್ರತಿ ಸಲ ನೋಡುವ ಮೊದಲು ಆ ಮಷಿನ್‌ನಿಂದ ಅದರ ಪ್ರೊಫೈಲ್ ಅಳಿಸಿ. ಅಳಿಸುವುದು ಅಂದರೆ ಯೂಸರ್ಸ್ ಫೋಲ್ಡರಿಗೆ ಹೋಗಿ ಡಿಲೀಟ್ ಒತ್ತುವುದಲ್ಲ. ಹಾಗೆ ಮಾಡಿದರೆ ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ಹಳೆ ಗುರುತು ಉಳಿದು, ಮುಂದಿನ ಸಲ ತಾತ್ಕಾಲಿಕ ಪ್ರೊಫೈಲ್ ಕೊಡುತ್ತದೆ, ಅದು ಇನ್ನೊಂದು ತಲೆನೋವು. ಸಿಸ್ಟಂ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್ ಅಂತ ಇದೆ, ಅದರೊಳಗೆ ಯೂಸರ್ ಪ್ರೊಫೈಲ್ಸ್. ಅಲ್ಲಿಂದಲೇ ತೆಗೆಯಿರಿ.

ದೀಪ ನೋಡಿ, ಗಡಿಯಾರ ನೋಡಿ

ಈಗ ಆ ಖಾತೆಯಿಂದ ಲಾಗಿನ್ ಆಗಿ ಸುಮ್ನೆ ಕೂತು ನೋಡಿ. ಸ್ಕ್ರೀನ್ ಅಲ್ಲ, ಸಿಪಿಯು ಡಬ್ಬದ ಮುಂದಿರುವ ಹಾರ್ಡ್ ಡಿಸ್ಕ್ ದೀಪ. ಚಕ್ರ ತಿರುಗುವಷ್ಟೂ ಹೊತ್ತು ಅದು ಎಡೆಬಿಡದೆ ಮಿನುಗುತ್ತಿದ್ದರೆ ಮಷಿನ್ ದುಡಿಯುತ್ತಿದೆ. ಚಕ್ರ ತಿರುಗುತ್ತಿದೆ, ದೀಪ ಮಾತ್ರ ಸತ್ತ ಹಾಗಿದೆ, ಆಗೊಮ್ಮೆ ಈಗೊಮ್ಮೆ ಮಿಣಕ್ ಅನ್ನುತ್ತದೆ ಅಂದರೆ ಅದು ಯಾರಿಗೋ ಕಾಯುತ್ತಿದೆ. ದುಡಿಯುವ ನಿಧಾನಕ್ಕೆ ಮದ್ದು ಬೇರೆ, ಕಾಯುವ ನಿಧಾನಕ್ಕೆ ಮದ್ದು ಬೇರೆ. ಇದನ್ನು ನೋಡದೆ ರ‍್ಯಾಮ್ ಹಾಕಿಸಿ ದುಡ್ಡು ಕಳೆದವರು ಈ ಸಭೆಯಲ್ಲೇ ಇದ್ದೀರಿ, ಹೆಸರು ಹೇಳುವುದಿಲ್ಲ.

ಕೈಯಲ್ಲಿ ಮೊಬೈಲಿನ ಸ್ಟಾಪ್‌ವಾಚ್ ಇರಲಿ. ದುಡಿಯುವ ನಿಧಾನ ಒಂದು ಮಷಿನ್‌ನಲ್ಲಿ ಮೂರೂವರೆ ನಿಮಿಷ, ಪಕ್ಕದ್ದರಲ್ಲಿ ಐದು ನಿಮಿಷ, ಹೀಗೆ ಏರುಪೇರಾಗಿರುತ್ತದೆ. ಕಾಯುವ ನಿಧಾನ ಹಾಗಲ್ಲ. ಯಾರೋ ಪ್ರೋಗ್ರಾಂ ಬರೆಯುವಾಗ "ಇಷ್ಟು ಹೊತ್ತು ಕಾದು ಬಿಟ್ಟುಬಿಡು" ಅಂತ ದುಂಡು ಸಂಖ್ಯೆ ಹಾಕಿರುತ್ತಾರೆ. ಎಲ್ಲಾ ಮಷಿನ್‌ನಲ್ಲೂ 30 ಸೆಕೆಂಡ್ ಸುಮ್ನೆ ನಿಂತು ಮುಂದೆ ಹೋಗುತ್ತಿದೆಯಾ? ಲಾಗಿನ್ ಸರಿಯಾಗಿ ಹತ್ತು ನಿಮಿಷ ಹಿಡಿಯುತ್ತಿದೆಯಾ? ಹಾಗಿದ್ದರೆ ಲಾಗಿನ್ ಸ್ಕ್ರಿಪ್ಟ್ ಮೇಲೆ, ಅಂದರೆ ಲಾಗಿನ್ ಆಗುವಾಗ ತಾನಾಗಿ ಓಡುವ ಸಣ್ಣ ಪ್ರೋಗ್ರಾಂ ಮೇಲೆ, ಅನುಮಾನ ಪಡಿ. ಗ್ರೂಪ್ ಪಾಲಿಸಿಯಲ್ಲಿ ನಾವು ಬದಲಿಸದಿದ್ದರೆ, ಸ್ಕ್ರಿಪ್ಟ್ ಮುಗಿಯಲಿ ಅಂತ ವಿಂಡೋಸ್ ಕಾಯುವ ಗರಿಷ್ಠ ಹೊತ್ತು 600 ಸೆಕೆಂಡ್. ಕಾಣದ ಕಿಟಕಿಯಲ್ಲಿ "ಎಸ್ ಅಥವಾ ನೋ ಒತ್ತಿ" ಅಂತ ಕೇಳುತ್ತಾ ನಿಂತ ಸ್ಕ್ರಿಪ್ಟ್ ಹತ್ತು ನಿಮಿಷ ತಿನ್ನುವುದು ಹೀಗೆ.

ಇನ್ನೊಂದು ಉಪಾಯ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಗ್ರೂಪ್ ಪಾಲಿಸಿಯಲ್ಲಿ ಕಂಪ್ಯೂಟರ್ ಭಾಗದ ಸಿಸ್ಟಂ ಅಡಿಯಲ್ಲಿ "ಡಿಸ್ಪ್ಲೇ ಹೈಲಿ ಡಿಟೇಲ್ಡ್ ಸ್ಟೇಟಸ್ ಮೆಸೇಜಸ್" ಅಂತ ಒಂದು ಸಾಲು ಇದೆ. ಅದನ್ನು ಆನ್ ಮಾಡಿದರೆ ಬರೀ ವೆಲ್‌ಕಮ್ ಬದಲು ಈಗ ಏನು ನಡೆಯುತ್ತಿದೆ ಅಂತ ಸ್ಕ್ರೀನ್ ಮೇಲೇ ಬರೆಯುತ್ತದೆ. ಪ್ರೊಫೈಲ್ ತಯಾರಾಗುತ್ತಿದೆ, ಪ್ರಿಂಟರ್ ಪಾಲಿಸಿ ಹಾಕುತ್ತಿದೆ, ಡ್ರೈವ್ ಮ್ಯಾಪ್ ಮಾಡುತ್ತಿದೆ (ಸರ್ವರ್‌ನ ಫೋಲ್ಡರನ್ನು ಡ್ರೈವ್ ಆಗಿ ಜೋಡಿಸುವುದು). ಯಾವ ಸಾಲಿನಲ್ಲಿ ನಿಂತಿತು ಅಂತ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಸಾಕು.

ಲೆಕ್ಕ ಪಕ್ಕಾ ಬೇಕು ಅನ್ನುವವರು ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ಮೈಕ್ರೋಸಾಫ್ಟ್, ವಿಂಡೋಸ್, ಗ್ರೂಪ್ ಪಾಲಿಸಿ, ಆಪರೇಷನಲ್ ಅಂತ ಒಳಗೆ ಇಳಿಯುತ್ತಾ ಹೋದರೆ 8001 ನಂಬರಿನ ದಾಖಲೆ ಸಿಗುತ್ತದೆ. ಬಳಕೆದಾರನ ಪಾಲಿಸಿ ಮುಗಿಯಲು ಎಷ್ಟು ಸೆಕೆಂಡ್ ಆಯಿತು ಅಂತ ಅಲ್ಲಿ ಬರೆದಿರುತ್ತದೆ. 5016ರಲ್ಲಿ ಪ್ರಿಂಟರ್‌ಗೆಷ್ಟು, ಡ್ರೈವ್‌ಗೆಷ್ಟು ಅಂತ ಬಿಡಿಬಿಡಿಯಾಗಿ ಇರುತ್ತದೆ. ಅಪ್ಲಿಕೇಷನ್ ಲಾಗ್‌ನಲ್ಲಿ ವಿನ್‌ಲಾಗನ್ ಹೆಸರಿನಲ್ಲಿ 6005, 6006 ಕಂಡರೆ, ಯಾರು ತಡ ಮಾಡಿದರು ಅಂತ ವಿಂಡೋಸೇ ಚಾಡಿ ಹೇಳಿದೆ ಅಂತ ತಿಳಿಯಿರಿ.

ಕಾಯುವ ನಿಧಾನ

ಇದರಲ್ಲಿ ಮೊದಲ ಅಪರಾಧಿ ಡಿಎನ್‌ಎಸ್, ಅಂದರೆ ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಎರಡನೆಯದೂ ಡಿಎನ್‌ಎಸ್ ಅಂದರೂ ತಪ್ಪಿಲ್ಲ.

ಲಾಗಿನ್ ಆಗುವಾಗ ಕಂಪ್ಯೂಟರ್ ಮೊದಲು ಕೇಳುವುದು, "ನಮ್ಮ ಡೊಮೇನ್ ಕಂಟ್ರೋಲರ್ ಎಲ್ಲಿದೆ?" ಅಂತ. ಡೊಮೇನ್ ಅಂದರೆ ಒಂದೇ ಆಡಳಿತದ ಅಡಿಯ ಮಷಿನ್, ಖಾತೆಗಳ ಗುಂಪು, ಅದನ್ನು ನಡೆಸುವ ಸರ್ವರೇ ಕಂಟ್ರೋಲರ್. ಈ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿಮ್ಮ ಶಾಲೆಯ ಸರ್ವರ್‌ಗೆ ಮಾತ್ರ. ಆದರೆ ಯಾವತ್ತೋ ಇಂಟರ್‌ನೆಟ್ ಬರಲಿಲ್ಲ ಅಂತ ಯಾರೋ ಬಂದು ಡಿಎನ್‌ಎಸ್ ಜಾಗದಲ್ಲಿ 8.8.8.8 ಹಾಕಿ ಹೋಗಿರುತ್ತಾರೆ. ಅದು ಗೂಗಲ್‌ನದು. ಜಗತ್ತಿನ ವೆಬ್‌ಸೈಟ್ ಎಲ್ಲಾ ಅದಕ್ಕೆ ಗೊತ್ತು, ನಿಮ್ಮ ಸ್ಟಾಫ್ ರೂಮಿನ ಪಕ್ಕದ ಸರ್ವರ್ ಗೊತ್ತಿಲ್ಲ. ಯೂಟ್ಯೂಬ್ ಚೆನ್ನಾಗಿ ಓಡುತ್ತದೆ, ಲಾಗಿನ್ ಮಾತ್ರ ಒದ್ದಾಡುತ್ತದೆ.

"ಒಂದನೇದು ಸರ್ವರ್, ಎರಡನೇದು 8.8.8.8 ಇಟ್ಟೀವ್ರಿ, ಅದು ನಡೀತದಲ್ರಿ?" ಅಂತ ಮುಂದಿನ ಸಾಲಿನಿಂದ ಕೇಳಿದಿರಿ. ನಡೆಯುವುದಿಲ್ಲ. ಒಂದು ಕ್ಷಣ ಸರ್ವರ್ ಉತ್ತರ ಕೊಡದಿದ್ದರೆ ವಿಂಡೋಸ್ ಎರಡನೆಯದಕ್ಕೆ ಹಾರುತ್ತದೆ, ಹಾರಿದ ಮೇಲೆ ಬೇಗ ಹಿಂದಕ್ಕೆ ಬರುವುದಿಲ್ಲ. ಆಗ ಒಂದು ದಿನ ಸರಿ, ಒಂದು ದಿನ ಕೆಟ್ಟಿತು ಅನ್ನುವ ಆಟ ಶುರು. ವಿದ್ಯಾರ್ಥಿಗಳ ಮಷಿನ್‌ನಲ್ಲಿ ಶಾಲೆಯ ಸರ್ವರ್ ಒಂದೇ ಇರಲಿ. ಹೊರಗಿನ ಹೆಸರುಗಳನ್ನು ಯಾರನ್ನು ಕೇಳಬೇಕು ಅಂತ ಸರ್ವರ್‌ನ ಡಿಎನ್‌ಎಸ್‌ನಲ್ಲಿ ಫಾರ್ವರ್ಡರ್ ಅಂತ ಬರೆಯಿರಿ, 8.8.8.8ಕ್ಕೆ ಸರಿಯಾದ ಜಾಗ ಅದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಹೊಡೆದರೆ ಸದ್ಯ ಏನಿದೆ ಅಂತ ಕಾಣುತ್ತದೆ. ವೈಫೈ ರೌಟರ್ ಕೂಡ ಮಷಿನ್‌ಗಳಿಗೆ ಐಪಿ ವಿಳಾಸ ಹಂಚುತ್ತಿದ್ದರೆ ಅದನ್ನು ನಿಲ್ಲಿಸಿ. ಒಂದು ಲ್ಯಾಬಿಗೆ ಇಬ್ಬರು ಯಜಮಾನರು ಬೇಡ.

ಆಮೇಲೆ ಗಡಿಯಾರ. ಸರ್ವರ್‌ಗೂ ಮಷಿನ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡೊಮೇನ್‌ನಲ್ಲಿ ಗುರುತು ಪರೀಕ್ಷಿಸುವ ಕರ್ಬರಾಸ್, ಒಳಗೆ ಬಿಡುವ ಟಿಕೆಟ್ ಕೊಡಲು ತಕರಾರು ಮಾಡುತ್ತದೆ. ನಮ್ಮ ಕಡೆ ಸಂಜೆ ಶಾಲೆ ಬಿಡುವಾಗ ಲ್ಯಾಬಿನ ಮೇನ್ ಸ್ವಿಚ್ಚೇ ಆಫ್ ಮಾಡುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಪ್ಲಗ್‌ನಲ್ಲಿ ಕರೆಂಟ್ ಇಲ್ಲದಷ್ಟು ಹೊತ್ತೂ ಮದರ್‌ಬೋರ್ಡಿನ ಗಡಿಯಾರ ಆ ನಾಣ್ಯದಂಥ ಸೆಲ್ ಮೇಲೆ ಓಡುತ್ತದೆ. ಬೇಸಿಗೆ ರಜೆ ಪೂರ್ತಿ ಹೀಗೇ ಇದ್ದು ಜೂನ್‌ನಲ್ಲಿ ಆನ್ ಮಾಡಿದರೆ, ಹಳೆ ಮಷಿನ್ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಬ್ರೌಸರ್ ತೆರೆದ ಕೂಡಲೇ "ನಿಮ್ಮ ಗಡಿಯಾರ ಹಿಂದಿದೆ" ಅಂದರೆ ಅದೇ ಗುರುತು. ಸೆಲ್ ಬದಲಿಸಿ, ಅಂಗಡಿಯಲ್ಲಿ ಸಿಆರ್ 2032 ಅಂತ ಕೇಳಿ. ಸೂಪರ್ ಮಾರ್ಕೆಟ್ ಕಡೆ ಯಾವ ವಾಚ್ ಅಂಗಡಿಯಲ್ಲೂ ಮಿರ್ಚಿ, ಚಹಾದ ಖರ್ಚಿನಲ್ಲಿ ಸಿಗುತ್ತದೆ.

ಕರೆಂಟ್ ಹೋಗಿ ಬಂದಾಗಿನ ಕಥೆ ನಿಮಗೆ ಗೊತ್ತೇ ಇದೆ. ಎಲ್ಲಾ ಮಷಿನ್ ಒಟ್ಟಿಗೆ ಏಳುತ್ತವೆ, ಸರ್ವರ್ ಮಾತ್ರ ಐದಾರು ನಿಮಿಷ ತಗೊಳ್ಳುತ್ತದೆ. ಅಷ್ಟರಲ್ಲಿ ಕೂತ ಹೊಸ ಹುಡುಗನಿಗೆ ಲಾಗನ್ ಸರ್ವರ್ ಇಲ್ಲ ಅನ್ನುವ ಉತ್ತರ. ಯುಪಿಎಸ್ ಒಂದೇ ಇದ್ದರೆ ಅದು ಸರ್ವರ್‌ಗೆ ಮತ್ತು ಸ್ವಿಚ್‌ಗೆ. ಮಾನಿಟರ್‌ಗಳಿಗೆ ಅಲ್ಲ, ದಯವಿಟ್ಟು.

ಸ್ವಿಚ್ ಅಂದ ಮೇಲೆ ಒಂದು ವಿಚಿತ್ರ. ಸೆಟ್ಟಿಂಗ್ ಇರುವ ದೊಡ್ಡ ಸ್ವಿಚ್‌ಗಳು ಕೇಬಲ್ ಜೀವಂತವಾದ ಕೂಡಲೇ ದಾರಿ ಬಿಡುವುದಿಲ್ಲ. ಎಲ್ಲಾದರೂ ಸುತ್ತು ಬಿದ್ದಿದೆಯಾ ಅಂತ ನೋಡಲು 15 ಸೆಕೆಂಡ್, ಕಲಿಯಲು 15 ಸೆಕೆಂಡ್, ಒಟ್ಟು 30 ಸೆಕೆಂಡ್ ಹಿಡಿದಿಡುತ್ತವೆ. ಮೊದಲು ಮಷಿನ್ ಬೂಟ್ ಆಗಲು ಎರಡು ನಿಮಿಷ ಬೇಕಿತ್ತು, ಹಾಗಾಗಿ ಇದು ಕಾಣುತ್ತಿರಲಿಲ್ಲ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್, ಹಾಕಿದ ಮೇಲೆ 15 ಸೆಕೆಂಡಿಗೆ ಲಾಗಿನ್ ಪರದೆ ಬರುತ್ತದೆ, ನೆಟ್‌ವರ್ಕ್ ಇನ್ನೂ ಬಂದಿರುವುದಿಲ್ಲ. "ಹೊಸ ಡಿಸ್ಕ್ ಹಾಕಿದ ಮ್ಯಾಲೇ ಹಾಳಾಯ್ತು" ಅನ್ನುವ ದೂರಿನ ಹಿಂದೆ ಇದು ಇರುತ್ತದೆ. ಮಷಿನ್‌ಗೆ ಹೋಗುವ ಪೋರ್ಟ್‌ಗಳಿಗೆ, ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಸೆಟ್ಟಿಂಗ್ ಹಾಕಿ. ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಮಾತ್ರ ಬೇಡ.

ಉಳಿದದ್ದು ಹಳೆ ಹೆಸರುಗಳ ಕಾಟ. ಹಳೆ ಸರ್ವರ್ ಗುಜರಿಗೆ ಹೋಗಿ ಎರಡು ವರ್ಷ ಆಗಿದೆ, ಪಾಲಿಸಿಯಲ್ಲಿ ಅದರ ಹೆಸರಿನ ಡ್ರೈವ್ ಹಾಗೇ ಇದೆ. ಹೆಡ್‌ಮಾಸ್ತರ್ ರೂಮಿನ ಪ್ರಿಂಟರ್ ಎಲ್ಲಾ ಹುಡುಗರಿಗೂ ಹಾಕಿದೆ, ಅದು ದಿನಕ್ಕೆ ಒಂದು ಗಂಟೆ ಮಾತ್ರ ಆನ್ ಇರುತ್ತದೆ. ಎಂಟನೇ ಕ್ಲಾಸಿನ ಹುಡುಗನಿಗೆ ಆ ಪ್ರಿಂಟರ್ ಯಾಕೆ? ತೆಗೆಯಿರಿ. ಬೇಕೇ ಬೇಕು ಅಂದರೆ ಪಾಲಿಸಿಯಲ್ಲಿ ರಿಪ್ಲೇಸ್ ಬದಲು ಅಪ್‌ಡೇಟ್ ಆರಿಸಿ. ರಿಪ್ಲೇಸ್ ಇದ್ದರೆ ಪ್ರತಿ ಲಾಗಿನ್‌ಗೂ ಅಳಿಸಿ ಮತ್ತೆ ಹಾಕುತ್ತಾ ಕೂರುತ್ತದೆ.

ದುಡಿಯುವ ನಿಧಾನ

ಹೊಸಬರು ಬಂದಾಗ ವಿಂಡೋಸ್ ಡಿಫಾಲ್ಟ್ ಅನ್ನುವ ಫೋಲ್ಡರನ್ನು ನಕಲು ಮಾಡಿ ಅವರ ಹೆಸರಿನ ಪ್ರೊಫೈಲ್ ತಯಾರು ಮಾಡುತ್ತದೆ. ಮೇಲಿಂದ ವಿಂಡೋಸ್ 10, 11ರಲ್ಲಿ ಹವಾಮಾನ, ಸಾಲಿಟೇರ್, ಎಕ್ಸ್‌ಬಾಕ್ಸ್ ಅಂತ ಇರುವ ಆಪ್‌ಗಳನ್ನೆಲ್ಲ ಪ್ರತಿಯೊಬ್ಬ ಹೊಸಬನಿಗೂ ಬೇರೆಬೇರೆಯಾಗಿ ನೋಂದಾಯಿಸುತ್ತದೆ. ಸಾವಿರಾರು ಸಣ್ಣ ಸಣ್ಣ ಓದು, ಬರಹ. ತಿರುಗುವ ಹಾರ್ಡ್ ಡಿಸ್ಕ್ ಅಂಥ ಚದುರಿದ ಕೆಲಸವನ್ನು ಸೆಕೆಂಡಿಗೆ ಸುಮಾರು ನೂರು ಮಾಡಬಲ್ಲದು, ಅಷ್ಟೇ. ಎಸ್‌ಎಸ್‌ಡಿಗೆ ಸಾವಿರಾರು ಲೆಕ್ಕವೇ ಇಲ್ಲ. ದುಡ್ಡು ಇರುವುದು ಒಂದೇ ಕೆಲಸಕ್ಕೆ ಅಂದರೆ ಎಸ್‌ಎಸ್‌ಡಿ ಹಾಕಿಸಿ. ಈ ಭಾಗದ ನಿಧಾನಕ್ಕೆ ಅದಕ್ಕಿಂತ ದೊಡ್ಡ ಮದ್ದು ನಾನು ಕಂಡಿಲ್ಲ.

ದುಡ್ಡು ಇಲ್ಲದಿದ್ದರೆ ಹೊರೆ ಇಳಿಸಿ. ಮಕ್ಕಳಿಗೆ ಬೇಡದ ಆಪ್‌ಗಳನ್ನು ವಿಂಡೋಸ್‌ನ ಕಮಾಂಡ್ ಸಾಧನ ಪವರ್‌ಶೆಲ್ ಬಳಸಿ, ಹೊಸಬರಿಗೆ ತಾನಾಗಿ ಹಾಕುವ ಪ್ರೊವಿಷನ್ ಪಟ್ಟಿಯಿಂದಲೇ ತೆಗೆಯಬಹುದು. ಸ್ಟೋರ್‌ಗೆ ಕೈ ಹಚ್ಚಬೇಡಿ, ಅದು ಹೋದರೆ ಮತ್ತೆ ತರುವುದು ಕಷ್ಟ. ಮೊದಲ ಲಾಗಿನ್‌ನಲ್ಲಿ "ಹಾಯ್" ಅಂತ ಬಣ್ಣ ಬದಲಿಸುವ ಪರದೆ ಇದೆಯಲ್ಲ, ಅದನ್ನು ನಿಲ್ಲಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನಿಲ್ಲಿಸಿ, ತೊಂದರೆ ಇಲ್ಲ. ಹಿಂದೆ ನಡೆಯುವ ಕೆಲಸ ಮಾತ್ರ ಹಾಗೇ ಇರುತ್ತದೆ. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ.

ಈಗ ರೋಮಿಂಗ್ ಪ್ರೊಫೈಲ್. ಹುಡುಗನ ಫೈಲುಗಳು ಸರ್ವರ್‌ನಲ್ಲಿದ್ದು, ಅವನು ಎಲ್ಲಿ ಕೂತರೂ ಅಲ್ಲಿಗೆ ಬರುವ ವ್ಯವಸ್ಥೆ. ಕೇಳಲು ಚಂದ. ಲೆಕ್ಕ ಹಾಕೋಣ. ಒಬ್ಬೊಬ್ಬನದು 200 ಎಂಬಿ, 40 ಮಕ್ಕಳು ಒಟ್ಟಿಗೆ ಲಾಗಿನ್ ಆದರು. 8000 ಎಂಬಿ. ಸರ್ವರ್‌ನ ಕೇಬಲ್ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹೋಗುವುದು 12.5 ಎಂಬಿ. ಭಾಗಿಸಿ ನೋಡಿ, 640 ಸೆಕೆಂಡ್. ಹತ್ತು ನಿಮಿಷ ದಾಟಿತು. ಮಷಿನ್ ಎಷ್ಟೇ ಹೊಸದಿರಲಿ, ಈ ಹತ್ತು ನಿಮಿಷ ಕಡಿಮೆ ಆಗುವುದಿಲ್ಲ. ಗಿಗಾಬಿಟ್ ಕೇಬಲ್ ಆದರೆ ಅದೇ ಕೆಲಸ ಒಂದು ನಿಮಿಷದ ಆಸುಪಾಸು.

"ನಮ್ಮಲ್ಲಿ ಗಿಗಾಬಿಟ್ ಸ್ವಿಚ್ಚೇ ಇದೆ" ಅಂತ ಒಂದು ಶಾಲೆಯಲ್ಲಿ ಹೇಳಿದರು. ಇತ್ತು ಕೂಡ. ಆದರೂ ಸರ್ವರ್ 100ರಲ್ಲೇ ಓಡುತ್ತಿತ್ತು. ಸರ್ವರ್ ಹಿಂದಿನ ಕನೆಕ್ಟರ್ ಬಿಚ್ಚಿ ಬೆಳಕಿಗೆ ಹಿಡಿದೆ. ಒಳಗೆ ಎಂಟು ತಂತಿ ಕಾಣಬೇಕಿತ್ತು, ಕಂಡದ್ದು ನಾಲ್ಕು, ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ನೀಲಿ, ಕಂದು ಜೋಡಿಗಳು ಕೇಬಲ್ಲಿನ ಹೊಟ್ಟೆ ಸೀಳಿಕೊಂಡು ಹೊರಬಂದು, ಇನ್ನೊಂದು ಕನೆಕ್ಟರ್ ಕಟ್ಟಿಸಿಕೊಂಡು ಆಫೀಸಿನ ಕಂಪ್ಯೂಟರಿಗೆ ಹೋಗಿದ್ದವು. ಒಂದೇ ಕೇಬಲ್‌ನಲ್ಲಿ ಎರಡು ಲೈನ್! ಉಳಿತಾಯ ಮಾಡಿದವನ ಜಾಣತನ ಮೆಚ್ಚಬೇಕು. 100 ಎಂಬಿಪಿಎಸ್‌ಗೆ ನಾಲ್ಕು ತಂತಿ ಸಾಕು, ಹಾಗಾಗಿ ಎಲ್ಲವೂ ಓಡುತ್ತಿತ್ತು. ಗಿಗಾಬಿಟ್‌ಗೆ ಎಂಟೂ ಬೇಕು. ಹೊಸ ಕೇಬಲ್ ಎಳೆದ ಮೇಲೆ ಸರ್ವರ್‌ನ ಲಿಂಕ್ ಸ್ಪೀಡ್ 1 ಜಿಬಿಪಿಎಸ್ ತೋರಿಸಿತು. ನಿಮ್ಮ ಸರ್ವರ್‌ನಲ್ಲಿ ಏನು ತೋರಿಸುತ್ತದೆ ಅಂತ ನಾಳೆ ಹೋಗಿ ನೋಡಿ. ಇಲಿ ಕಡಿದ ಒಂದು ತಂತಿಯೂ ಇದೇ ಕೆಲಸ ಮಾಡುತ್ತದೆ.

ರೋಮಿಂಗ್ ಬೇಕೇ ಬೇಕು ಅಂದರೆ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎರಡನ್ನೂ ಫೋಲ್ಡರ್ ರೀಡೈರೆಕ್ಷನ್‌ಗೆ ಹಾಕಿ. ಆಗ ಫೈಲ್ ತೆರೆದಾಗ ಮಾತ್ರ ಸರ್ವರ್‌ನಿಂದ ಬರುತ್ತದೆ, ಲಾಗಿನ್ ಹೊತ್ತಿನಲ್ಲಿ ಎಲ್ಲವೂ ಇಳಿಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಒಂದೇ ಲ್ಯಾಬ್ ಇರುವ ಶಾಲೆಗೆ ರೋಮಿಂಗ್ ಪ್ರೊಫೈಲ್ ಬೇಡವೇ ಬೇಡ.

ಮೊದಲ ಸಲ ಎಷ್ಟು ಸಲ?

ಇಷ್ಟೆಲ್ಲ ಮಾಡಿದರೂ ಮೊದಲ ಲಾಗಿನ್ ಒಂದೆರಡು ನಿಮಿಷ ತಗೊಳ್ಳುತ್ತದೆ. ತಗೊಳ್ಳಲಿ ಬಿಡಿ, ಹುಡುಗನ ಹೆಸರಿಗೆ ಒಂದೇ ಸಲ ತಾನೇ? ಇಲ್ಲೇ ಶಾಲೆಗೂ ಆಫೀಸಿಗೂ ಇರುವ ವ್ಯತ್ಯಾಸ. ಆಫೀಸಿನಲ್ಲಿ ಒಬ್ಬರಿಗೆ ಒಂದು ಕುರ್ಚಿ. ನಮ್ಮಲ್ಲಿ ಹುಡುಗರು ಓಡಿ ಬಂದು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕೂರುತ್ತಾರೆ. ಹೋದ ವಾರ ಮೂರನೇ ಮಷಿನ್, ಈ ವಾರ ಹದಿನೇಳನೆಯದು. ಪ್ರೊಫೈಲ್ ಮಷಿನ್‌ಗೆ ಸೇರಿದ್ದು, ಹಾಗಾಗಿ ಅವನಿಗೆ ಈ ವಾರವೂ ಮೊದಲ ಸಲ. 20 ಮಷಿನ್ ಇದ್ದರೆ ಒಬ್ಬ ಹುಡುಗನಿಗೆ 20 ಮೊದಲ ಸಲ. ಡಿಸ್ಕ್ ತುಂಬುವುದು ಬೇರೆ.

ರೋಲ್ ನಂಬರಿಗೆ ಮಷಿನ್ ನಂಬರ್ ಗಂಟು ಹಾಕಿ, ಗೋಡೆಗೆ ಪಟ್ಟಿ ಅಂಟಿಸಿ. ಖರ್ಚು ಒಂದು ಹಾಳೆ. ಇದನ್ನು ಹೇಳಿದಾಗ ಕೆಲವರು ನಗುತ್ತಾರೆ, ತಾಂತ್ರಿಕ ಪರಿಹಾರ ಅನ್ನಿಸುವುದಿಲ್ಲ ಅಂತ. ಜೂನ್‌ನ ಮೊದಲ ಲ್ಯಾಬ್ ಪಿರಿಯಡ್ಡನ್ನು ಪಾಠಕ್ಕೆ ಇಟ್ಟುಕೊಳ್ಳಬೇಡಿ, ಲಾಗಿನ್‌ಗೇ ಕೊಡಿ. ಐದೈದು ಮಕ್ಕಳಂತೆ ಕೂರಿಸಿ, ಎಲ್ಲರನ್ನೂ ಒಟ್ಟಿಗೆ ಬಿಡಬೇಡಿ. ಅದಕ್ಕೂ ಎರಡು ದಿನ ಮೊದಲು ಮಷಿನ್‌ಗಳನ್ನು ಆನ್ ಮಾಡಿ ಅಪ್‌ಡೇಟ್ ಮುಗಿಸಿಕೊಳ್ಳಿ. ಎರಡು ತಿಂಗಳ ಬಾಕಿ ಎಲ್ಲಾ ಆ ದಿನವೇ ಇಳಿಯುತ್ತಾ ಕೂತರೆ ಯಾವ ಮದ್ದೂ ನಾಟುವುದಿಲ್ಲ.

ಇನ್ನು ಕೆಲವು ಲ್ಯಾಬ್‌ಗಳಲ್ಲಿ ಪ್ರತಿ ರೀಸ್ಟಾರ್ಟ್‌ಗೂ ಡಿಸ್ಕ್ ಮೊದಲಿನಂತೆ ಮಾಡುವ ಸಾಫ್ಟ್‌ವೇರ್ ಹಾಕಿರುತ್ತಾರೆ. ವೈರಸ್ ಕಾಟಕ್ಕೆ ಒಳ್ಳೆಯದು. ಆದರೆ ಅದು ಪ್ರೊಫೈಲ್‌ಗಳನ್ನೂ ಅಳಿಸುತ್ತದೆ, ಅಂದರೆ ಅಲ್ಲಿ ಪ್ರತಿ ದಿನವೂ ಎಲ್ಲರಿಗೂ ಮೊದಲ ಸಲವೇ. ಜೊತೆಗೆ ಡೊಮೇನ್‌ನಲ್ಲಿರುವ ಕಂಪ್ಯೂಟರ್ ತನ್ನದೇ ಗುಪ್ತ ಪಾಸ್‌ವರ್ಡನ್ನು 30 ದಿನಕ್ಕೊಮ್ಮೆ ಬದಲಿಸುತ್ತದೆ. ಡಿಸ್ಕ್ ಹಿಂದಕ್ಕೆ ಹೋದರೆ ಹಳೆ ಪಾಸ್‌ವರ್ಡ್ ವಾಪಸ್ ಬಂದು, ಸರ್ವರ್ ಜೊತೆಗಿನ ನಂಟು ಕಡಿಯಬಹುದು. ಇಂಥ ಲ್ಯಾಬಿನಲ್ಲಿ ಆ ಬದಲಾವಣೆಯನ್ನು ಪಾಲಿಸಿಯಿಂದ ನಿಲ್ಲಿಸಿ. ಎಲ್ಲರಿಗೂ ಒಂದೇ ಸಿದ್ಧ ಪ್ರೊಫೈಲ್ ಕೊಡುವ ಮ್ಯಾಂಡೇಟರಿ ಪ್ರೊಫೈಲ್ ಇಡುವ ಬಗ್ಗೆಯೂ ಯೋಚಿಸಿ.

ಪ್ರಶ್ನೆಗಳಲ್ಲಿ ಕೆಲವು

ಉಬುಂಟು ಹಾಕಿದರೆ ಈ ಗೋಳು ತಪ್ಪುತ್ತದಾ ಅಂತ ಬೀದರ್‌ನಿಂದ ಬಂದ ಮೇಡಂ ಕೇಳಿದರು. ದುಡಿಯುವ ನಿಧಾನ ಬಹಳ ಮಟ್ಟಿಗೆ ತಪ್ಪುತ್ತದೆ. ಅಲ್ಲಿ ಹೊಸಬನಿಗೆ ನಕಲಾಗುವ ಫೋಲ್ಡರ್ ತೀರಾ ಚಿಕ್ಕದು. ಕಾಯುವ ನಿಧಾನ ತಪ್ಪುವುದಿಲ್ಲ. ಡಿಎನ್‌ಎಸ್ ಕೆಟ್ಟಿದ್ದರೆ, ಹೋಂ ಫೋಲ್ಡರ್ ಇರುವ ಸರ್ವರ್ ಮಲಗಿದ್ದರೆ ಉಬುಂಟು ಕೂಡ ಕಾಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಏರದ ಹಳೆ ಮಷಿನ್‌ಗಳಿಗೆ ಉಬುಂಟು ಯೋಚಿಸಬೇಕಾದ ದಾರಿಯೇ.

ಕೊನೆಯ ಪ್ರಶ್ನೆ ಯಾದಗಿರಿ ಕಡೆಯ ಶಿಕ್ಷಕರದು. "ಮಷಿನ್ ಸರಿ ಅದ ಸರ್, ಹುಡುಗರಿಗೆ ಪಾಸ್‌ವರ್ಡ್ ಹೊಡೀಲಿಕ್ಕೇ ಐದು ನಿಮಿಷ ಹಿಡೀತದ." ಇದೂ ಲಾಗಿನ್ ಹೊತ್ತೇ, ಅಲ್ವಾ? ಮೊದಲು ಲಾಗಿನ್ ಪರದೆಯ ಮೂಲೆಯಲ್ಲಿ ಯಾವ ಕೀಬೋರ್ಡ್ ಇದೆ ನೋಡಿ. ಕನ್ನಡವನ್ನೋ ಉರ್ದುವನ್ನೋ ಮೊದಲನೆಯದಾಗಿ ಇಟ್ಟಿದ್ದರೆ ಚುಕ್ಕೆಗಳ ಹಿಂದೆ ಏನು ಬೀಳುತ್ತಿದೆ ಅಂತ ಹುಡುಗನಿಗೆ ಕಾಣುವುದಿಲ್ಲ. ಲಾಗಿನ್ ಪರದೆಗೆ ಇಂಗ್ಲಿಷ್ ಇರಲಿ, ಒಳಗೆ ಹೋದ ಮೇಲೆ ಕನ್ನಡ ಇರಲಿ. ಎರಡನೆಯದು, ಡೊಮೇನ್ ಮಾಡಿದಾಗ ತಾನಾಗಿ ಬರುವ ನಿಯಮದಲ್ಲಿ ಪಾಸ್‌ವರ್ಡಿನ ಆಯುಷ್ಯ 42 ದಿನ. ವಾರಕ್ಕೊಂದೇ ಕಂಪ್ಯೂಟರ್ ಪಿರಿಯಡ್ ಇರುವ ಕಡೆ ಅದು ಆರು ಪಿರಿಯಡ್. ಹುಡುಗ ಹಳೆಯದನ್ನು ಬಾಯಿಪಾಠ ಮಾಡುವಷ್ಟರಲ್ಲಿ ಹೊಸದು ಕೇಳುತ್ತದೆ. ಸಣ್ಣ ಅಕ್ಷರ, ದೊಡ್ಡ ಅಕ್ಷರ, ಅಂಕೆ ಅಂತ ಷರತ್ತು ಬೇರೆ. ಸರ್ವರ್ 2008ರಿಂದ ಈಚೆಗೆ ಒಂದೊಂದು ಗುಂಪಿಗೆ ಬೇರೆ ಬೇರೆ ಪಾಸ್‌ವರ್ಡ್ ನಿಯಮ ಇಡಬಹುದು. ಶಿಕ್ಷಕರಿಗೆ, ಆಫೀಸಿನವರಿಗೆ ಬಿಗಿ ನಿಯಮವೇ ಇರಲಿ. ವಿದ್ಯಾರ್ಥಿಗಳ ಗುಂಪಿಗೆ ವರ್ಷ ಪೂರ್ತಿ ನಡೆಯುವ, ಅವರ ಕೈಗೆ ಹತ್ತುವ ಒಂದು ಪಾಸ್‌ವರ್ಡ್ ಕೊಡಿ, ಮಾರ್ಚ್‌ವರೆಗೆ ಅದನ್ನು ಮುಟ್ಟಬೇಡಿ.